ಹಲಗೆಯ ಮೇಲಿನ ಕಳೆದ ವರ್ಷ

ಭಾನುವಾರ, ಮಧ್ಯಾಹ್ನ ಒಂದೂವರೆ

ಪುಟ್ಟಕ್ಕನಿಗೆ ಅಮ್ಮನ ಆಶೀರ್ವಾದಗಳು,

ಊಟ ಮಾಡಿದೆಯಾ ಎಂದು ಕೇಳುವುದಕ್ಕೂ ಇವತ್ತು ಮನಸ್ಸಿಲ್ಲ. ಅಪ್ಪನ ದೋಣಿ ಹನ್ನೊಂದಕ್ಕೆ ಬರಬೇಕಿತ್ತು, ಇನ್ನೂ ಬಂದಿಲ್ಲ. ನಮ್ಮ ಗಾಳದ ಅಂಗಡಿಯ ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ದೋಣಿ ಕಟ್ಟುವ ದಕ್ಕೆ ಕಾಣುತ್ತದೆ, ಅದರ ಕಂಬಕ್ಕೆ ನೇತುಹಾಕಿದ ಕಪ್ಪು ಹಲಗೆಯೂ ಕಾಣುತ್ತದೆ. ಅದನ್ನು ಒಡೆದು ಒಲೆಗೆ ಹಾಕೋಣ ಅನ್ನಿಸುತ್ತಿದೆ. ಫೋನು ಮಾಡಬಹುದಿತ್ತು, ಆದರೆ ನಾನು ಮಾಡಿದ್ದನ್ನು ಹೇಳಲು ನಾಲಿಗೆ ಏಳುವುದಿಲ್ಲ.

ಹಲಗೆಯ ಕಥೆ ನಿನಗೆ ಗೊತ್ತಲ್ಲ. ಪ್ರತಿ ಶನಿವಾರ ಅಪ್ಪ ನೀರಿಗೆ ಮೊಣಕೈವರೆಗೆ ಕೈ ಅದ್ದಿ, ಗಾಳಿ ನೋಡಿ, ಈ ವಾರ ಯಾವ ಮೀನು ಎಲ್ಲಿ ಎಂದು ಬರೆಯುತ್ತಿದ್ದರು. ಹವ್ಯಾಸಕ್ಕೆ ಗಾಳ ಹಾಕುವವರೆಲ್ಲ ಅದನ್ನು ಓದಿಯೇ ಹೊರಡುವುದು. ಎರಡು ವರ್ಷದಿಂದ ಅದನ್ನು ಬರೆಯುತ್ತಿರುವವಳು ನಾನು. ಅಪ್ಪನ ಬಲಗೈ ನಡುಗುತ್ತದೆ, ಪುಟ್ಟಕ್ಕ. ಲೋಟ ಎತ್ತಿದರೆ ಅರ್ಧ ಚಹಾ ಅಂಗಿಗೆ. ಕೈ ನಡುಗುವವನ ದೋಣಿ ಯಾರು ಹತ್ತುತ್ತಾರೆ, ಪುಟ್ಟಕ್ಕನಿಗೂ ಹೇಳಕೂಡದು ಎಂದು ನನ್ನಿಂದ ಭಾಷೆ ತೆಗೆದುಕೊಂಡಿದ್ದರು. ಅವರು ಹೇಳುತ್ತಿದ್ದರು, ನಾನು ಅವರ ಅಕ್ಷರದಂತೆಯೇ ಓರೆಯಾಗಿ ಬರೆಯುತ್ತಿದ್ದೆ.

ಈ ವಾರ ಪೂರ್ತಿ ಅವರಿಗೆ ಜ್ವರ. ನಿನ್ನೆ ಹಾಸಿಗೆಯಿಂದ ಎಬ್ಬಿಸಲು ಮನಸ್ಸಾಗಲಿಲ್ಲ. ಹಲಗೆ ಖಾಲಿ ಬಿಟ್ಟರೆ ಜನ ಕೇಳುತ್ತಾರೆ. ಹಳೆಯ ದಿನಚರಿ ತೆಗೆದು, ಕಳೆದ ವರ್ಷದ ಇದೇ ವಾರದ್ದನ್ನು ಇದ್ದಂತೆ ಇಳಿಸಿಬಿಟ್ಟೆ: ನೀರು ಬೆಚ್ಚಗಾಗಿದೆ, ಬಂಗುಡೆ ಹಿಂಡು ಬಂದಿದೆ, ಅದರ ಬೆನ್ನಿಗೆ ಹೊರಬಂಡೆಯಲ್ಲಿ ದೊಡ್ಡ ಅಂಜಲ್, ಮಧ್ಯಾಹ್ನದವರೆಗೆ ಗಾಳಿ ಇಲ್ಲ. ಚಳಿ ಮುಗಿದ ಮೇಲೆ ವರ್ಷಾ ವರ್ಷ ಆಗುವುದು ಅದೇ ತಾನೇ ಅಂದುಕೊಂಡೆ. ಈ ವರ್ಷ ನೀರಿನ ಚಳಿ ಹೋಗಿಯೇ ಇಲ್ಲ, ಕಡಲು ಕೆರಳಿಸುವ ತೆಂಕಣ ಗಾಳಿ ಮಾತ್ರ ಮೂರು ವಾರ ಮೊದಲೇ ಬಂದಿದೆ.

ಬೆಳಿಗ್ಗೆ ಜ್ವರ ಬಿಟ್ಟು ಅಪ್ಪ ದಕ್ಕೆಗೆ ಬಂದರು. ಅಲ್ಲಿ ನಮ್ಮೂರ ದರ್ಜಿ ಮತ್ತು ಅವನ ಮೂವರು ಗೆಳೆಯರು ಗಾಳದ ಕೋಲು ಹಿಡಿದು ನಿಂತಿದ್ದರು. ಹೊರಬಂಡೆ ಎಂದು ನೀವೇ ಬರೆದಿದ್ದೀರಲ್ಲ, ಕರೆದುಕೊಂಡು ಹೋಗಿ ಎಂದು ದುಂಬಾಲು ಬಿದ್ದರು. ಅಪ್ಪ ಹಲಗೆ ಓದಿದರು. ಆಮೇಲೆ ನನ್ನ ಕಡೆ ನೋಡಿದರು. ತಾನು ಬರೆದದ್ದಲ್ಲ ಎಂದರೆ ಕೈಯ ಗುಟ್ಟು ಹೊರಬೀಳುತ್ತಿತ್ತು.

“ಹೌದು, ನಾನೇ ಬರ್ದಿದ್ದು. ಹತ್ತಿ,” ಅಂದರು.

ನಾನು ಬಾಯಿ ಬಿಡಬಹುದಿತ್ತು. ಬದಲು ದೋಣಿಯ ಹಗ್ಗ ಬಿಚ್ಚಿಕೊಟ್ಟೆ. ಹತ್ತು ಗಂಟೆಗೆ ಗಾಳಿ ಎದ್ದಿತು. ಈಗ ಅಲೆ ದಕ್ಕೆಯ ಮೇಲೇ ಹಾರುತ್ತಿದೆ, ಚುಕ್ಕಾಣಿ ಹಿಡಿಯಬೇಕಾದದ್ದು ಅದೇ ಕೈ. ಕರಾವಳಿ ಕಾವಲಿನವರು ಹುಡುಕಲು ಹೊರಟಿದ್ದಾರೆ. ಒಂದು ಪೊಟ್ಟಣದ ಗಾಳಗಳನ್ನು ನಾಲ್ಕು ಸಲ ಎಣಿಸಿದೆ, ನಾಲ್ಕು ಸಲವೂ ಬೇರೆ ಬೇರೆ ಬಂತು. ಅವರು ಬಂದರೆ ಸಾಕು. ಬೈದರೂ ಸರಿ, ಮಾತು ಬಿಟ್ಟರೂ ಸರಿ.

ಇಂತಿ,
ದಾರಿ ನೋಡುತ್ತಿರುವ ಅಮ್ಮ

ತಾ.ಕ.: ನಾಲ್ಕೂವರೆ. ಬಂದರು, ಐವರೂ ಬಂದರು. ತೊಯ್ದು ತೊಪ್ಪೆಯಾಗಿದ್ದಾರೆ, ಒಂದು ಮೀನೂ ಇಲ್ಲ. ಅಳಿವೆ ದಾಟುವಾಗಲೇ ನೀರಿಗೆ ಕೈ ಅದ್ದಿದ ಅಪ್ಪನಿಗೆ ನೀರಿನ್ನೂ ತಣ್ಣಗಿದೆ, ಮೀನಿಲ್ಲ ಎಂದು ಗೊತ್ತಾಗಿತ್ತಂತೆ, ಆದರೂ ಹಟಕ್ಕೆ ಬಿದ್ದು ಅರ್ಧ ದಾರಿ ಹೋಗಿದ್ದಾರೆ. ಗಾಳಿ ಎದ್ದಾಗ ಚುಕ್ಕಾಣಿ ಕೈಯಲ್ಲಿ ನಿಲ್ಲಲಿಲ್ಲ. ಅದನ್ನು ದರ್ಜಿಯ ಕೈಗೆ ಕೊಟ್ಟು, ನನ್ನ ಕೈ ನಡುಗುತ್ತದೆ, ಹಲಗೆ ಬರೆದದ್ದೂ ನಾನಲ್ಲ ಎಂದು ಹೇಳಿ, ಪಕ್ಕದಲ್ಲಿ ಕೂತು ದಾರಿ ತೋರಿಸಿದರಂತೆ. ದಡದ ಗುಡ್ಡದ ಮರೆಯಲ್ಲಿ ಕಾದಿದ್ದವರನ್ನು ಕಾವಲಿನವರು ಕರೆತಂದರು.

ಅಪ್ಪ ಬಂದವರೇ ಹಲಗೆ ಒರೆಸಿದರು. ನನ್ನನ್ನು ಒಂದು ಮಾತೂ ಬೈಯಲಿಲ್ಲ, ಅದೇ ಕಷ್ಟವಾಗಿದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅಪ್ಪನ ಅಕ್ಷರ ಈಚೆಗೆ ಎಷ್ಟು ಚೆನ್ನಾಗಿದೆ ಎಂದು ಬರೆದಿದ್ದೆಯಲ್ಲ, ಅವರ ಹೆಸರಲ್ಲಿ ನಿನಗೆ ಬಂದ ಆ ಪತ್ರಗಳೂ ನಾನು ಬರೆದವೇ. ಕೆಳಗಿನ ಸಾಲು ಮಾತ್ರ ಅವರದು. ಎರಡು ಸಲ ಪೆನ್ನು ಬಿತ್ತು. ಎತ್ತಿಕೊಟ್ಟೆನೇ ಹೊರತು ಕೈ ಹಿಡಿಯಲಿಲ್ಲ.

ಪುಟ್ಟಕ್ಕಾ, ಇದು ನಾನೇ ಬರೀತಿರೋದು. ಓದೋಕೆ ಬರುತ್ತಾ?