ಹೊಲಿದ ಜೇಬು

ಭಾನುವಾರ, ಮಧ್ಯಾಹ್ನ

ನನ್ನ ಬಂಗಾರ ಪುಟ್ಟಿ,

ನಿನ್ನ ಕಾಗದ ಗುರುವಾರವೇ ಕೈಸೇರಿತು. ಮೊದಲ ಪುಟ ಓದಿ ನಕ್ಕೆ, ಎರಡನೆಯ ಪುಟ ಓದುತ್ತಾ ಒಲೆಯ ಮೇಲಿಟ್ಟ ಹಾಲು ಉಕ್ಕಿಸಿದೆ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಅವತ್ತೇ ಬರೆದಿದ್ದರೆ ನಿನ್ನನ್ನೇ ಬೈದುಬಿಡುತ್ತಿದ್ದೆ. ಬೈಸಿಕೊಳ್ಳಬೇಕಾದವರು ಬೇರೆ ಇದ್ದಾರೆ.

ನೀನು ಸೂಪರ್‌ವೈಸರ್ ಆದೆ ಎಂದು ನಮ್ಮ ಪಾರ್ಲರಿನಲ್ಲಿ ನಾನು ಹೇಳದೆ ಬಿಟ್ಟವರಿಲ್ಲ. ನನ್ನ ಪಕ್ಕದ ಬೇಸಿನ್ನಿನಲ್ಲಿ ಕೆಲಸ ಕಲಿಯುವಾಗ ಗಿರಾಕಿಯ ಕಿವಿಗೆ ನೀರು ಬಿಟ್ಟು, ಅವರಿಗಿಂತ ಜೋರಾಗಿ ನೀನೇ ಅತ್ತಿದ್ದೆ. ಆ ಹುಡುಗಿ ಈಗ ದೂರದ ಊರಿನಲ್ಲಿ ಒಂದು ಇಡೀ ಶಾಖೆ ನೋಡಿಕೊಳ್ಳುತ್ತಾಳೆ! ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಆದರೆ ನೀನು ಬರೆದದ್ದೇನು? ಕಾರ್ಮಿಕ ಕಚೇರಿಗೆ ಕೊಟ್ಟ ದೂರಿನಿಂದ ನಿನ್ನ ಹೆಸರು ತೆಗೆಸಮ್ಮ, ಇಲ್ಲದಿದ್ದರೆ ನನ್ನನ್ನು ಮತ್ತೆ ಬೇಸಿನ್ನಿಗೆ ನಿಲ್ಲಿಸುತ್ತಾರೆ ಎಂದು. ಟಿಪ್ಸಿನಲ್ಲಿ ಸೂಪರ್‌ವೈಸರಿಗೂ ಪಾಲು ಇರೋದು ಎಲ್ಲ ಕಡೆ ಇದ್ದದ್ದೇ, ಅಷ್ಟಕ್ಕೆ ಯಾಕೆ ಇಷ್ಟು ರಾದ್ಧಾಂತ ಎಂದೂ ಕೇಳಿದ್ದೀಯ. ಅಕ್ಷರ ನಿನ್ನದೇ, ದುಂಡಗೆ ಚೆನ್ನಾಗಿದೆ. ಮಾತು ಮಾತ್ರ ನಮ್ಮಿಬ್ಬರಿಗೂ ಸಂಬಳ ಕೊಡುವ ಪಾರ್ಲರ್ ಯಜಮಾನರದು.

ನೀನು ಹೋದಮೇಲೆ ಇಲ್ಲಿ ನಡೆದದ್ದನ್ನು ಕೇಳು. ತಲೆ ತೊಳೆಯುವವರ ಕೈ ಸದಾ ಒದ್ದೆ. ಅದಕ್ಕೇ ಗಿರಾಕಿಗಳು ಏಳುವಾಗ ನೋಟು ಮಡಚಿ ನಮ್ಮ ಏಪ್ರನ್ನಿನ ಜೇಬಿಗೆ ತಾವೇ ಸಿಕ್ಕಿಸುತ್ತಿದ್ದರು. ನಾನು ಮನೆಗೆ ಬಂದ ಕೂಡಲೇ ಆ ಜೇಬಿಗೆ ಮೊದಲು ಕೈ ಹಾಕುತ್ತಿದ್ದವಳು ನೀನು, ನೆನಪಿರಬೇಕು. ಈಗ ಕೌಂಟರಿನ ಮೇಲೆ ಗಾಜಿನ ಪೆಟ್ಟಿಗೆ ಬಂದಿದೆ. ಸಿಕ್ಕಿದ್ದೆಲ್ಲ ಅದರೊಳಗೆ ಹೋಗಬೇಕು. ಸಂಜೆ ಮೊದಲ ಪಾಲು ಸೂಪರ್‌ವೈಸರಿಗೆ, ಮಿಕ್ಕಿದ್ದು ತೊಳೆದವರಿಗೆ. ಸೂಪರ್‌ವೈಸರಿಗೆ ಸಂಬಳ ಏರಿಸಲು ಯಜಮಾನರಿಗೆ ಮನಸ್ಸಿಲ್ಲ, ನಮ್ಮ ಜೇಬು ಕಣ್ಣಿಗೆ ಬಿತ್ತು. ಒಳಗಿನ ಹಿಕಮತ್ತು ಇಷ್ಟೇ.

ಪೆಟ್ಟಿಗೆ ಇಟ್ಟರೂ ಗಿರಾಕಿಗಳ ಕೈ ಹಳೆಯ ಜಾಗಕ್ಕೇ ಬರುತ್ತಿತ್ತು. ಒಂದು ದಿನ ನಮ್ಮ ಸೂಪರ್‌ವೈಸರ್ ಬೀಗದಣ್ಣ ಸೊಂಟದ ಕೀಲಿಗೊಂಚಲು ಆಡಿಸುತ್ತಾ ಬಂದು, ಜೇಬನ್ನೆಲ್ಲ ಹೊಲಿದು ಮುಚ್ಚಿಬಿಡಿ ಎಂದ. ಹೊಲಿಗೆ ಬರುವವಳು ನಾನೊಬ್ಬಳೇ. ನನ್ನ ಜೇಬನ್ನೂ ಉಳಿದವರದನ್ನೂ ನಾನೇ ಹೊಲಿದೆ, ಪುಟ್ಟಿ. ಕೆಲಸ ಬೇಕಿತ್ತು.

ಆ ವಾರವೇ ಟೀಚರಮ್ಮ ಬಂದರು. ನೀನು ಚಿಕ್ಕವಳಿದ್ದಾಗ, ಬೇಸಿನ್ನಿಗೆ ತಲೆ ಕೊಟ್ಟು ಮಲಗಿದ್ದಲ್ಲೇ ನಿನಗೆ ಮಗ್ಗಿ ಒಪ್ಪಿಸಲು ಹೇಳಿ ಗದರುತ್ತಿದ್ದರಲ್ಲ, ಅವರೇ. ಕನ್ನಡಕ ತೆಗೆದರೆ ಅವರಿಗೆ ಏನೂ ಕಾಣದು. ತಲೆ ಒರೆಸಿದ ಮೇಲೆ ಎಂದಿನಂತೆ ನೋಟು ಮಡಚಿ, ತಡವಿ, ಜೇಬಿದ್ದ ಜಾಗಕ್ಕೆ ತಳ್ಳಿದರು. ಅದು ಜಾರಿ ಸೋಪಿನ ನೀರಿಗೆ ಬಿತ್ತು. ಅವರಿಗೆ ಗೊತ್ತೇ ಆಗಲಿಲ್ಲ. ಇದು ನಿನಗೇ ಕಣಮ್ಮ, ಕೈಗೊಂದು ಒಳ್ಳೇ ಮುಲಾಮು ತಗೋ ಎಂದು ನನ್ನ ತೋಳು ತಟ್ಟಿದರು. ಬೀಗದಣ್ಣ ಬಗ್ಗಿ ಅದನ್ನೆತ್ತಿ, ತನ್ನ ಕರ್ಚೀಫಿನಲ್ಲಿ ಒರೆಸಿ, ಪೆಟ್ಟಿಗೆಗೆ ಹಾಕಿದ. ನಾನು ಟೀಚರಮ್ಮನಿಗೆ ನಕ್ಕು ಥ್ಯಾಂಕ್ಸ್ ಹೇಳಿದೆ. ಆ ಮುದುಕಿಗೆ ಮೋಸ ಮಾಡಿದ ಹಾಗಾಯಿತು, ನಾಚಿಕೆಯಿಂದ ಮೈಯೆಲ್ಲ ಬೆಂದುಹೋಯಿತು. ಮಾರನೆಯ ದಿನ ದೂರಿಗೆ ಮೊದಲ ಸಹಿ ನನ್ನದೇ.

ಬೀಗದಣ್ಣ ಕೆಟ್ಟವನಲ್ಲ. ಅವನಿಗೂ ಬಾಡಿಗೆ ಇದೆ, ಮಕ್ಕಳ ಫೀಸಿದೆ. ನೀನಂತೂ ನಾನೇ ಹೆತ್ತ ಮಗಳು, ನಿನ್ನನ್ನು ಕೆಟ್ಟವಳೆನ್ನಲು ನನಗೆ ಬಾಯೇ ಇಲ್ಲ. ನಿಮಗೆ ಸಂಬಳ ಸಾಲದಿದ್ದರೆ ಯಜಮಾನರನ್ನು ಕೇಳಿ. ಬೇಕಿದ್ದರೆ ನಾನೂ ಜೊತೆಗೆ ಬಂದು ಅವರ ಬಾಗಿಲಲ್ಲಿ ನಿಂತು ಕೂಗಾಡುತ್ತೇನೆ, ನನ್ನ ಗಂಟಲು ಎಂಥದ್ದೆಂದು ನಿನಗೆ ಗೊತ್ತು. ನಿನ್ನ ಕೈಕೆಳಗಿನ ಹುಡುಗಿಯರಿಂದ ಮಾತ್ರ ತೆಗೆದುಕೊಳ್ಳಬೇಡ.

ಬುಧವಾರ ಇಲ್ಲಿನ ಕಾರ್ಮಿಕ ಕಚೇರಿಯಲ್ಲಿ ವಿಚಾರಣೆ. ಹುಡುಗಿಯರು ಖುಷಿಯಿಂದಲೇ ಪಾಲು ಕೊಡುತ್ತಾರೆ ಎಂದು ಅಲ್ಲಿ ಬಂದು ಹೇಳಲು ಯಜಮಾನರು ನಿನ್ನನ್ನೇ ಗೊತ್ತುಮಾಡಿದ್ದಾರಂತೆ. ಎಷ್ಟು ಜನ ಇದ್ದರೂ ಅವರಿಗೆ ನನ್ನ ಮಗಳೇ ಬೇಕಾಯಿತು. ಕಾಗದದಲ್ಲಿ ನೀನು ಅದನ್ನು ಬರೆಯಲಿಲ್ಲ. ಬೀಗದಣ್ಣನೇ ಬಂದು, ಮುಖ ತಗ್ಗಿಸಿಕೊಂಡು ಹೇಳಿಹೋದ. ನಾನು ಹೆಸರು ತೆಗೆಸುವುದಿಲ್ಲ, ಪುಟ್ಟಿ. ಇದರಿಂದ ನಿನ್ನ ಹುದ್ದೆ ಹೋದರೆ ನನ್ನ ಹೊಟ್ಟೆಗೆ ಬೆಂಕಿ ಬಿದ್ದ ಹಾಗೇ. ಆದರೂ ತೆಗೆಸುವುದಿಲ್ಲ. ನೀನು ಅಲ್ಲಿ ಏನು ಹೇಳಿದರೂ ಮಧ್ಯಾಹ್ನ ಊಟಕ್ಕೆ ಮನೆಗೇ ಬರಬೇಕು, ಅದರಲ್ಲಿ ಬದಲಾವಣೆ ಇಲ್ಲ.

ನನ್ನ ಕೈ ಹೇಗಿದೆ ಎಂದು ಕೇಳಿದ್ದೆಯಲ್ಲ. ಬೆರಳ ಸಂದಿಯ ಬಿರುಕೆಲ್ಲ ಮಾಯ್ದಿದೆ, ಉರಿ ಇಲ್ಲ, ಪೆನ್ನು ಹಿಡಿದರೂ ನೋಯುವುದಿಲ್ಲ. ಇಷ್ಟುದ್ದ ಬರೆದದ್ದೇ ಸಾಕ್ಷಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಒದ್ದೆ ಕೂದಲಲ್ಲಿ ಮಲಗಬೇಡ, ಎಷ್ಟು ಹೇಳಿದರೂ ನೀನು ಕೇಳುವವಳಲ್ಲ.

ನಿನ್ನನ್ನೇ ನೆನೆಯುತ್ತಾ,
ಅಮ್ಮ

ಮರೆತಿದ್ದೆ: ಸೋಪಿನ ನೀರಿನಲ್ಲಿ ಕೈ ಹೇಗೆ ಮಾಯಿತು ಎಂದು ನೀನು ಕೇಳದೆ ಬಿಡುವವಳಲ್ಲ. ದೂರು ಕೊಟ್ಟ ಮೇಲೆ ನನ್ನನ್ನು ಬೇಸಿನ್ನಿನಿಂದ ತೆಗೆದು ಹಿಂದಿನ ಕೋಣೆಗೆ ಹಾಕಿದ್ದಾರೆ. ಅಲ್ಲಿ ಟವಲ್ ಮಡಚುತ್ತೇನೆ, ಎಲ್ಲ ಶಾಖೆಗಳ ಏಪ್ರನ್ ಹೊಲಿಯುತ್ತೇನೆ. ಗಿರಾಕಿಯ ಮುಖವೇ ಕಾಣುವುದಿಲ್ಲ. ನಿನ್ನ ಶಾಖೆಯ ಕಟ್ಟು ನಾಳೆ ವ್ಯಾನಿನಲ್ಲಿ, ಈ ಕಾಗದದ ಜೊತೆಗೇ ಬರುತ್ತದೆ. ಅಪ್ಪಣೆಯಂತೆ ಜೇಬನ್ನೆಲ್ಲ ಮುಚ್ಚಿದ್ದೇನೆ, ಆದರೆ ಬರೀ ಕಚ್ಚಾ ಹೊಲಿಗೆ. ಎಡಗಡೆ ತುದಿಯಲ್ಲಿ ಗಂಟು ಹಾಕದೆ ಒಂದಿಷ್ಟು ದಾರ ಬಿಟ್ಟಿದ್ದೇನೆ. ಹುಡುಗಿಯರಿಗೆ ಹಂಚುವ ಮೊದಲು ನೀನೇ ಎಳೆದುಬಿಡು, ಬಿಚ್ಚಿಕೊಳ್ಳುತ್ತದೆ.