ಕಾರಣ ಬರೆಯದ ಸಾಲು

ಅಣ್ಣಾ,

ನೀನು ತೀರಿಹೋದ ಮೇಲೂ ಪುಸ್ತಕ ಓದಿ ಹೇಳುವ ನಿನ್ನ ಪ್ರೋಗ್ರಾಮನ್ನು ಎಲ್ಲೆಲ್ಲಿನವರೋ ಬಳಸುತ್ತಾರೆ, ತಿದ್ದುತ್ತಾರೆ. ಆ ತಿದ್ದುಪಡಿಗಳಿಗೆ ಒಪ್ಪಿಗೆ ಕೊಡುವ ಕೆಲಸ ಈಗ ನನ್ನ ತಲೆಗೆ ಬಂದಿದೆ. ಇವತ್ತು ಬೆಳಿಗ್ಗೆ ಯಾರೋ ಒಬ್ಬರು ಕೋಡ್‌ನಿಂದ ಒಂದು ಸಾಲು ತೆಗೆದು ಕಳಿಸಿದ್ದರು. ಪ್ರತಿ ವಾಕ್ಯ ಓದಿದ ಮೇಲೆ ಧ್ವನಿ ಸ್ವಲ್ಪ ಸುಮ್ಮನಾಗುತ್ತದಲ್ಲ, ಆ ಸಾಲು. "ಇದು ಯಾಕಿದೆ ಅಂತ ಎಲ್ಲೂ ಬರೆದಿಲ್ಲವಲ್ಲ" ಎಂದರು. ಕೈಪಿಡಿಯನ್ನೆಲ್ಲ ಜಾಲಾಡಿದೆ. ನಿನಗೋ ಬರೆಯುವುದೆಂದರೆ ಅಲರ್ಜಿ. "ಕೋಡ್ ಓದಿದ್ರೆ ಗೊತ್ತಾಗುತ್ತೆ ಕಣೇ" ಅನ್ನುತ್ತಿದ್ದೆ. ಓದಿದೆ, ಗೊತ್ತಾಗಲಿಲ್ಲ. ಒಪ್ಪಿಗೆ ಕೊಟ್ಟುಬಿಟ್ಟೆ.

ಮಧ್ಯಾಹ್ನ ಅಮ್ಮ ಅದೇ ಪ್ರೋಗ್ರಾಮಿನಲ್ಲಿ ಕಾದಂಬರಿ ಕೇಳಲು ಕೂತಳು. ಕಣ್ಣು ಹೋದಾಗಿನಿಂದ ಅವಳಿಗೆ ಅದೇ ಗತಿ. ಸ್ವಲ್ಪ ಹೊತ್ತಿಗೇ ನನ್ನನ್ನು ಕರೆದಳು.

"ಯಾಕೇ ಇದು ಹೀಗೆ ಓಡ್ತಿದೆ? ನಾನು ಹೂಂ ಅನ್ನೋವರೆಗೂ ಕಾಯೋ ಹಾಗೆ ಮಾಡಿದ್ದ ಅವನು."

ಒಂದೊಂದು ವಾಕ್ಯಕ್ಕೂ ಅವಳು ಹೂಂಗುಟ್ಟುವುದು, ಇದೇ ಮನೆಯಲ್ಲಿದ್ದೂ ನನ್ನ ಕಿವಿಗೆ ಬಿದ್ದಿರಲಿಲ್ಲ.

ನಡೆದದ್ದನ್ನು ಹೇಳಿದೆ.

"ಅವನೇ ಕಾಯ್ತಿದ್ದಾನೆ ಅಂದ್ಕೊಂಡಿದ್ದೆ. ಯಾರು ಬೇಕಾದ್ರೂ ತೆಗೀಬಹುದಾ ಅದನ್ನ?" ಎಂದು ಕೇಳಿದಳು.

"ಹೂಂ" ಎಂದೆ.

ಸಾಲನ್ನು ಮತ್ತೆ ಹಾಕಿದ್ದೇನೆ, ಪಕ್ಕದಲ್ಲಿ ಕಾರಣವನ್ನೂ ಬರೆದಿದ್ದೇನೆ. ಧ್ವನಿ ಮೊದಲಿನಂತೆ ನಿಂತು ನಿಂತು ಓದುತ್ತಿದೆ. ಅಮ್ಮ ಮಾತ್ರ ಹೂಂ ಅನ್ನುತ್ತಿಲ್ಲ.