ಗರಗಸ ಹೇಳಿದ ಸಾಕ್ಷಿ

ವನುವಾ ಲೆವು ದ್ವೀಪ, ಸೋಮವಾರ

ಮ್ಯಾನೇಜರ್ ಕಿನಿಜೋಜಿ ಅವರಿಗೆ,

ನೀವು ಕ್ಷಮೆ ಕೇಳಿ ನಮ್ಮ ಮನೆಯಲ್ಲಿ ಇಟ್ಟುಹೋದ ತಿಮಿಂಗಿಲದ ಹಲ್ಲನ್ನು ವಾಪಸು ಕಳಿಸುತ್ತಿದ್ದೇನೆ. ನಮ್ಮ ಪದ್ಧತಿಯಲ್ಲಿ ಅದನ್ನು ಸ್ವೀಕರಿಸಿದರೆ ತಪ್ಪನ್ನು ಹೂತಂತೆ, ಮತ್ತೆ ಯಾರೂ ಬಾಯಿ ತೆರೆಯುವಂತಿಲ್ಲ. ಅಪ್ಪ ಮುಟ್ಟಲು ಹೋದರು, ನಾನು ತಡೆದೆ.

ನನ್ನ ತಮ್ಮ ಅಪೆನಿಸಾನ ಎರಡೂ ಕೈಗಳನ್ನು ನಿಮ್ಮ ಗರಗಸ ಮೊಣಕೈವರೆಗೆ ಕತ್ತರಿಸಿತು. ಮರದ ಹೊಟ್ಟಿನಲ್ಲಿ ಅವನ ಬೆರಳುಗಳನ್ನು ಹೆಕ್ಕಿದವಳು ನಾನು, ನಿಮ್ಮದೇ ಮಿಲ್ಲಿನ ಎಲೆಕ್ಟ್ರಿಷಿಯನ್. "ಕುಡಿದು ಬಂದಿದ್ದ ಕಣಮ್ಮ" ಅಂದಿರಿ. ಯಂತ್ರದ ದಾಖಲೆ ತೆಗೆಸಿ ಅಂದೆ. "ಅದನ್ನ ಓದೋ ಹಳೇ ಸಾಫ್ಟ್‌ವೇರು ಹೊಸ ಲ್ಯಾಪ್‌ಟಾಪಲ್ಲಿ ಓಡಲ್ಲ, ನಿಮ್ಮಪ್ಪ ಬಂದ್ರೂ ಓಡಲ್ಲ" ಎಂದು ನಕ್ಕಿರಿ.

ಓಡಿತು. ಕೆಲಸಕ್ಕೆಂದು ನೀವು ಕೊಟ್ಟ ಲ್ಯಾಪ್‌ಟಾಪನ್ನು ಪೂರ್ತಿ ಅಳಿಸಿ ಹಳೆಯ ವಿಂಡೋಸ್ ಹಾಕಿದೆ. ಮೂರು ಸಲ ಅರ್ಧಕ್ಕೇ ನಿಂತಿತು, ನಾಲ್ಕನೆಯ ಸಲ ದಾಖಲೆ ತೆರೆದುಕೊಂಡಿತು. ಗರಗಸದ ಸುತ್ತಲಿನ ಕವಚದ ಬಾಗಿಲು ತೆಗೆದ ಕೂಡಲೇ ಅದು ತಾನಾಗಿ ನಿಲ್ಲಬೇಕು. ತಮ್ಮನ ಕೈ ಹೋದ ಬೆಳಿಗ್ಗೆ ಏಳೂ ಹತ್ತಕ್ಕೆ ಅದು ನಿಲ್ಲದಂತೆ ಮಾಡಿದ್ದು ನಿಮ್ಮ ಪಾಸ್‌ವರ್ಡ್. ಲ್ಯಾಪ್‌ಟಾಪ್ ಈಗ ಪೊಲೀಸರ ಬಳಿ ಇದೆ, ನನ್ನನ್ನು ಕೇಳಬೇಡಿ.

ನಾಳೆಯಿಂದ ಮಿಲ್ಲಿನ ಕೆಲಸಗಾರರು ನಾವು ಯಾರೂ ಕೆಲಸಕ್ಕೆ ನಿಲ್ಲುವುದಿಲ್ಲ. ಗರಗಸ ಓಡಲೇಬೇಕು ಅಂದರೆ, ಎಲ್ಲರೆದುರು ಬಾಗಿಲು ತೆಗೆದು ಮೊದಲು ನಿಮ್ಮ ಕೈ ಒಳಗಿಡಿ.

ಅಪೆನಿಸಾನ ಅಕ್ಕ,
ವಸಿತಿ